ಮಳೆಮಾಪಕದ ಸುತ್ತ ಸಂಪಿಗೆ ಬೇಡ: ಕೊಡಗು ಜಿಲ್ಲಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಇವರಿಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರು,
ಕೊಡಗು ಜಿಲ್ಲೆ, ಮಡಿಕೇರಿ.

ವಿಷಯ: ಅಗಲಿದ ಪರಿಸರ ವಿಜ್ಞಾನಿಯೊಬ್ಬರು ನಡೆಸಿಕೊಂಡು ಬಂದ ಮಳೆ, ತೋಡು (ಸಣ್ಣ ಹಳ್ಳ) ಮತ್ತು ನೀರಿನ ದಾಖಲೆಯನ್ನು ಉಳಿಸಿಕೊಡುವ ಬಗ್ಗೆ.

ಮಾನ್ಯರೇ,

ನಮ್ಮ ಸಹೋದ್ಯೋಗಿಯ ನೆನಪಿಗೆಂದು ಮಡಿಕೇರಿ ಸಮೀಪದ ಸಂಸ್ಥೆಯೊಂದರ ಆವರಣದಲ್ಲಿ ಈಚೆಗೆ ಸಂಪಿಗೆ ಸಸಿಗಳನ್ನು ನೆಡಲಾಯಿತು. ನೆಟ್ಟವರದು ಒಳ್ಳೆಯ ಮನಸ್ಸು, ಅದರಲ್ಲಿ ಅನುಮಾನವಿಲ್ಲ. ಆದರೆ ಅವರು ಆರಿಸಿಕೊಂಡ ಜಾಗ, ನಮ್ಮ ಸಹೋದ್ಯೋಗಿ ವರ್ಷಗಟ್ಟಲೆ ಹುಲ್ಲು ಕೊಚ್ಚಿಸಿ ಬಯಲಾಗಿಯೇ ಉಳಿಸಿಕೊಂಡಿದ್ದ ಮಳೆಮಾಪಕದ ಅಂಗಳ. ಮಾಪಕದ ಹತ್ತಿರ ಏನೇ ಎದ್ದು ನಿಂತಿದ್ದರೂ ಅದರ ಎತ್ತರದ ಎರಡು ಪಟ್ಟಾದರೂ ದೂರ ಇರಬೇಕೆಂಬುದು ಮಳೆ ಅಳೆಯುವವರ ಮೊದಲ ನಿಯಮ. ಸಂಪಿಗೆ 20 ಮೀಟರ್ ಬೆಳೆದರೆ 40 ಮೀಟರ್ ದೂರ ಬೇಕು. ಈ ಸಸಿಗಳು ಇರುವುದು ಮೂರು ನಾಲ್ಕು ಹೆಜ್ಜೆಯಲ್ಲಿ. ಇನ್ನು ಕೆಲವೇ ವರ್ಷಗಳಲ್ಲಿ ಗಾಳಿಮಳೆಗೆ ಅವು ಅಡ್ಡ ನಿಲ್ಲುತ್ತವೆ, ಎಲೆಯಿಂದ ತೊಟ್ಟಿಕ್ಕುವ ನೀರು ಮಾಪಕಕ್ಕೆ ಬೀಳುತ್ತದೆ, ಉದುರಿದ ಎಲೆ ಆಲಿಕೆಯನ್ನು ಮುಚ್ಚುತ್ತದೆ. ಜೀವಮಾನವಿಡೀ ಮಳೆ ಅಳೆದವರ ನೆನಪಿಗೆ, ಅಲ್ಲಿ ಇನ್ನೆಂದೂ ಮಳೆ ಅಳೆಯಲಾಗದಂತೆ ಮಾಡಿಟ್ಟಿದ್ದೇವೆ. ಸಸಿಗಳು ಇನ್ನೂ ಚಿಕ್ಕವು. ಬೇರಿನ ಮಣ್ಣು ಕದಲದಂತೆ ಎತ್ತಿ ಬೇರೆ ಕಡೆ ನೆಡಬಹುದು. ಇದು ನಮ್ಮ ಮೊದಲ ಮನವಿ, ಎಲ್ಲಕ್ಕಿಂತ ಸುಲಭದ್ದೂ ಹೌದು.

ಅವರ ಹೆಸರನ್ನು ಈ ಪತ್ರದಲ್ಲಿ ಬರೆದಿಲ್ಲ, ಮನೆಯವರ ಕೋರಿಕೆ ಹಾಗಿದೆ. ತೋಟಗಳ ಕಡೆ ‘ಮಳೆ ಮೇಡಂ’ ಎಂದರೆ ಯಾರೆಂದು ಗೊತ್ತಾಗುತ್ತದೆ. ಪರಿಸರದ ಕೆಲಸವೆಂದರೆ ಭಾಷಣ, ಪತ್ರಿಕಾಗೋಷ್ಠಿ ಎಂದು ತಿಳಿದವರಿಗೆ ಅವರು ಕಣ್ಣಿಗೆ ಬಿದ್ದಿರಲಿಕ್ಕಿಲ್ಲ. ಅವರು ಅಳೆಯುತ್ತಿದ್ದುದು ಮೂರನ್ನು: ಆಕಾಶದಿಂದ ಎಷ್ಟು ಬಿತ್ತು, ತೋಡಿನಲ್ಲಿ ಎಷ್ಟು ಹರಿಯಿತು, ಹರಿದ ನೀರಿನಲ್ಲಿ ಏನು ಸೇರಿತ್ತು. ಮೂರನ್ನೂ ಒಂದೇ ಜಾಗದಲ್ಲಿ, ಒಂದೇ ಪದ್ಧತಿಯಲ್ಲಿ, ಬಿಟ್ಟೂ ಬಿಡದೆ ಅಳೆದದ್ದೇ ಆ ದಾಖಲೆಯ ಬೆಲೆ. ಈಗ ಕೈಬಿಟ್ಟು ಹೋಗುತ್ತಿರುವುದು ಅದೇ.

ಕೊಡಗಿನಲ್ಲಿ ಒಂದೆರಡು ಕಡೆ ಮಳೆ ಅಳೆದು ಜಿಲ್ಲೆಯ ಮಳೆ ಇಷ್ಟು ಎಂದು ಹೇಳಲು ಬರುವುದಿಲ್ಲ ಎಂಬುದು ತಮಗೂ ತಿಳಿದದ್ದೇ. ಭಾಗಮಂಡಲದ ಕಡೆ ವರ್ಷಕ್ಕೆ 5,000 ಮಿ.ಮೀ. ದಾಟುವ ಮಳೆ ಕುಶಾಲನಗರ ತಲುಪುವ ಹೊತ್ತಿಗೆ ಅದರ ಕಾಲುಭಾಗಕ್ಕೆ ಇಳಿದಿರುತ್ತದೆ. ನಡುವೆ ಇರುವುದು ಬಸ್ಸಿನಲ್ಲಿ ಎರಡು ಎರಡೂವರೆ ಗಂಟೆಯ ದಾರಿ. ಒಂದೇ ಗುಡ್ಡದ ಪಡುವಣ ಬರೆಯಲ್ಲಿ (ಇಳಿಜಾರಿನಲ್ಲಿ) ಸುರಿಯುವುದಕ್ಕೂ ಮೂಡಣ ಬರೆಯಲ್ಲಿ ಸುರಿಯುವುದಕ್ಕೂ ತಾಳೆಯಾಗುವುದಿಲ್ಲ. ಹೀಗಾಗಿ ಅವರು ಹೊಸ ಮಾಪಕಗಳನ್ನು ತಂದು ನೆಡುವ ಮೊದಲು, ಇದ್ದ ದಾಖಲೆಗಳ ಕಡೆ ನೋಡಿದರು. ಇಲ್ಲಿನ ಕಾಫಿ ತೋಟಗಳಲ್ಲಿ ತಲೆಮಾರುಗಳಿಂದ ಮಳೆ ಪುಸ್ತಕ ಇಟ್ಟಿದ್ದಾರೆ. ಕಾಫಿ ಹೂ ಅರಳಿಸುವ ಹೂಮಳೆ ಯಾವಾಗ ಬಂತು, ಎಷ್ಟು ಬಂತು ಎಂಬುದರ ಮೇಲೆ ವರ್ಷದ ಫಸಲು ನಿಂತಿರುವಾಗ ಇಡದೆ ಇರುವುದಾದರೂ ಹೇಗೆ? ಇಂಥ ಸಂಪತ್ತು ಇರುವ ಜಿಲ್ಲೆಗಳು ಬಹಳ ಇಲ್ಲ.

ಆದರೆ ಆ ಪುಸ್ತಕಗಳನ್ನು ಹಾಗೆಯೇ ನಕಲು ಮಾಡಿಕೊಂಡರೆ ತಪ್ಪಾಗುತ್ತದೆ. ತೋಟದ ಲೆಕ್ಕ ಇಂಚು ಮತ್ತು ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿ.ಮೀ. ತೋಟದ ಲೆಕ್ಕ ಬರೆಯುವ ರೈಟರು 0.85 ಎಂದು ಬರೆದಿದ್ದರೆ ಅದು 85 ಸೆಂಟು, ಅಂದರೆ 21.6 ಮಿ.ಮೀ. ಇದಕ್ಕಿಂತ ಗಟ್ಟಿಯಾದ ತೊಡಕು ತಾರೀಖಿನದು. ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಬೆಳಿಗ್ಗೆ 8.30ಕ್ಕೆ ಅಳೆದ ಮಳೆ, ಅಳೆದ ದಿನದ ತಾರೀಖಿಗೆ ಸೇರುತ್ತದೆ. ತೋಟದಲ್ಲಿ ಎಷ್ಟೋ ಕಡೆ ಬೆಳಿಗ್ಗೆ ಅಳೆದದ್ದನ್ನು ‘ನಿನ್ನೆಯ ಮಳೆ’ ಎಂದು ಹಿಂದಿನ ದಿನಕ್ಕೆ ಬರೆಯುತ್ತಾರೆ. ಬರೆದವರ ಮಟ್ಟಿಗೆ ಅದೇ ಸರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಮಾತ್ರ ಒಂದೇ ಮಳೆ ಎರಡು ದಿನ ಸುರಿದಂತೆ ಕಾಣುತ್ತದೆ. ಮಳೆ ಸುರಿದು ಎಷ್ಟು ಹೊತ್ತಿಗೆ ಬರೆ ಕುಸಿಯಿತು ಎಂದು ಲೆಕ್ಕ ಹಾಕುವವರಿಗೆ ಒಂದು ದಿನದ ಎಡವಟ್ಟು ಸಣ್ಣದಲ್ಲ.

ಇದನ್ನು ಅವರು ಹಿಡಿಯುತ್ತಿದ್ದ ಬಗೆ ಸರಳ. ಬೇಸಿಗೆಯಲ್ಲಿ ಎಲ್ಲ ಕಡೆಯೂ ಒಣಗಿದ್ದು, ನಡುವೆ ಒಂದೇ ಒಂದು ಸಂಜೆ ಮಳೆಯಾದ ದಿನಗಳನ್ನು ಹುಡುಕುವುದು. ಆ ಮಳೆಯನ್ನು ಪ್ರತಿ ತೋಟದ ಪುಸ್ತಕ ಯಾವ ತಾರೀಖಿಗೆ ಹಾಕಿದೆ ಎಂದು ನೋಡಿದರೆ ಯಾರ ಪದ್ಧತಿ ಯಾವುದೆಂದು ಬಯಲಾಗುತ್ತದೆ. ಹಳೆಯ ರೈಟರು ನಿವೃತ್ತರಾಗಿ ಹೊಸಬರು ಬಂದ ವರ್ಷ ಪದ್ಧತಿಯೂ ಬದಲಾಗಿರಬಹುದು. ಆದ್ದರಿಂದ ಇದನ್ನು ವರ್ಷ ವರ್ಷಕ್ಕೂ ನೋಡಬೇಕು. ಅವರ ನೋಟ್‌ಬುಕ್ಕಿನ ಅಂಚಿನಲ್ಲಿ ಪೆನ್ಸಿಲಿನಲ್ಲಿ ಬರೆದ ‘ಹಿಂ’ ಮತ್ತು ‘ಅಂ’ ಎಂಬ ಗುರುತುಗಳ ಅರ್ಥ ಇದೇ: ಹಿಂದಿನ ದಿನ, ಅಂದಿನ ದಿನ. ಈ ಗುರುತು ಗೊತ್ತಿಲ್ಲದೆ ಆ ಪುಸ್ತಕ ಓದಿದರೆ ಪ್ರಯೋಜನವಿಲ್ಲ.

ಎರಡನೆಯ ಪರೀಕ್ಷೆ ಮರದ ಬಗ್ಗೆ. ಕಾಫಿ ಒಣಗಿಸುವ ಕಣದ ಅಂಚಿನಲ್ಲಿ ಮಾಪಕ ಇಟ್ಟಾಗ ಸುತ್ತ ಬಯಲಿರುತ್ತದೆ. ಆಮೇಲೆ ಸಿಲ್ವರ್ ಓಕ್ ಏಳುತ್ತದೆ, ಅದಕ್ಕೆ ಮೆಣಸಿನ ಬಳ್ಳಿ ಹಬ್ಬುತ್ತದೆ. ಮಾಪಕ ಇದ್ದಲ್ಲೇ ಇದೆ, ಅಳೆಯುವವರೂ ಅವರೇ, ಮಳೆ ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾದಂತೆ ತೋರುತ್ತದೆ. ಅದನ್ನು ಹಿಡಿದುಕೊಂಡು ‘ಕೊಡಗಿನಲ್ಲಿ ಮಳೆ ಕಡಿಮೆಯಾಯಿತು’ ಎಂದು ಬರೆಯುವವರಿಗೇನೂ ಬರವಿಲ್ಲ. ನಮ್ಮ ಸಹೋದ್ಯೋಗಿ ಒಂದು ತೋಟದ ಮಳೆಯನ್ನು ವರ್ಷವರ್ಷವೂ ಕೂಡಿಸುತ್ತಾ ಹೋಗಿ, ಸುತ್ತಲಿನ ತೋಟಗಳ ಸರಾಸರಿಯನ್ನೂ ಹಾಗೆಯೇ ಕೂಡಿಸಿ, ಒಂದಕ್ಕೆ ಎದುರಾಗಿ ಇನ್ನೊಂದನ್ನು ಗ್ರಾಫ್ ಹಾಳೆಯ ಮೇಲೆ ಗುರುತಿಸುತ್ತಿದ್ದರು. ಮಳೆಯೇ ಕಡಿಮೆಯಾಗಿದ್ದರೆ ಎಲ್ಲ ತೋಟಗಳಿಗೂ ಆಗಿರುತ್ತದೆ, ಗೆರೆ ನೇರವಾಗಿಯೇ ಸಾಗುತ್ತದೆ. ಗೆರೆ ಯಾವುದಾದರೂ ವರ್ಷದಲ್ಲಿ ಬಾಗಿದರೆ ಬದಲಾದದ್ದು ಮಾಪಕ, ಇಲ್ಲವೇ ಅದರ ಸುತ್ತಲಿನ ಸ್ಥಿತಿ. ಆಗ ಅವರು ಆ ತೋಟಕ್ಕೆ ಹೋಗಿ ಕೇಳುತ್ತಿದ್ದುದು ಎರಡೇ ಪ್ರಶ್ನೆ: ಮಾಪಕ ಜಾಗ ಬದಲಾಯಿಸಿದಿರಾ, ಅಳತೆ ಗ್ಲಾಸು ಒಡೆದು ಹೊಸದು ತಂದಿರಾ?

ಗ್ಲಾಸಿನ ಪ್ರಶ್ನೆ ಯಾಕೆಂದರೆ, ಪ್ರತಿ ಗ್ಲಾಸೂ ಅದರದೇ ಮಾಪಕದ ಬಾಯಿಗೆ ಹೊಂದಿಸಿ ಗುರುತು ಹಾಕಿದ್ದು. 200 ಚದರ ಸೆಂ.ಮೀ. ಬಾಯಿಯ ಮಾಪಕದಲ್ಲಿ 1 ಮಿ.ಮೀ. ಮಳೆ ಎಂದರೆ 20 ಮಿ.ಲೀ. ನೀರು. 100 ಚದರ ಸೆಂ.ಮೀ. ಬಾಯಿಯದರಲ್ಲಿ 10 ಮಿ.ಲೀ. ಒಂದರ ಗ್ಲಾಸಿನಿಂದ ಇನ್ನೊಂದರ ನೀರು ಅಳೆದರೆ ಮಳೆ ಇಮ್ಮಡಿಯಾಗುತ್ತದೆ, ಇಲ್ಲವೇ ಅರ್ಧಕ್ಕೆ ಇಳಿಯುತ್ತದೆ. ಒಳಗಿನ ಬಾಟಲಿಯದೂ ಇದೇ ಕಥೆ. 200 ಚದರ ಸೆಂ.ಮೀ. ಮಾಪಕದಲ್ಲಿ 4 ಲೀಟರ್ ಬಾಟಲಿ ಇಟ್ಟರೆ ಅದು ಹಿಡಿಯುವುದು 200 ಮಿ.ಮೀ. ಅಷ್ಟೇ. ಉಳಿದದ್ದು ಹೊರಗಿನ ಡಬ್ಬಿಗೆ ಉಕ್ಕುತ್ತದೆ, ಡಬ್ಬಿಯ ತಳ ತೂತಾಗಿದ್ದರೆ ಮಣ್ಣಿಗೆ ಹೋಗುತ್ತದೆ. ಬಯಲುಸೀಮೆಯಲ್ಲಿ ಇದು ತಲೆ ಕೆಡಿಸಿಕೊಳ್ಳುವ ವಿಷಯವಲ್ಲ. ಜುಲೈ-ಆಗಸ್ಟಿನ ಕಕ್ಕಡ ತಿಂಗಳಲ್ಲಿ, ಮಡಿಕೇರಿ ಹತ್ತಿರದ ಗಾಳಿಬೀಡಿನಲ್ಲಿ ಹೌದು. ಯಾವುದೇ ಹಳೆಯ ಪುಸ್ತಕದಲ್ಲಿ ದೊಡ್ಡ ಮಳೆಯ ದಿನಗಳೆಲ್ಲ ಒಂದೇ ಅಂಕಿಯ ಹತ್ತಿರ ಬಂದು ನಿಂತಿದ್ದರೆ, ಅಲ್ಲಿ ನಿಂತದ್ದು ಮಳೆಯಲ್ಲ, ಬಾಟಲಿ ಎಂದು ಅವರು ಹೇಳುತ್ತಿದ್ದರು.

ಈಗ ಪ್ರತಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಟೆಲಿಮೆಟ್ರಿಕ್ ಮಳೆಮಾಪಕಗಳಿವೆ, ಕೈಯಿಂದ ಅಳೆಯುವ ಡಬ್ಬಿ ಇನ್ನೇಕೆ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆ ಮಾಪಕಗಳು ಹೊತ್ತುಹೊತ್ತಿನ ಮಳೆಯನ್ನು ಕೂಡಲೇ ತಿಳಿಸುತ್ತವೆ. ಬೆಳಿಗ್ಗೆ ಒಮ್ಮೆ ಅಳೆಯುವ ಡಬ್ಬಿಯಿಂದ ಅದು ಎಂದಿಗೂ ಆಗದು. ಆದರೆ ಅಂಥ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದು ಪುಟ್ಟ ಜೋಡಿ ಬಟ್ಟಲು. ಒಂದು ಬದಿ ತುಂಬಿ ಮಗುಚಿದಾಗ ಇನ್ನೊಂದು ಬದಿ ಆಲಿಕೆಯ ಕೆಳಗೆ ಬರುತ್ತದೆ, ಒಂದೊಂದು ಮಗುಚುವಿಕೆಯೂ ಒಂದು ಎಣಿಕೆ. ಮಗುಚುವ ಆ ಕ್ಷಣದಲ್ಲಿ ಸುರಿಯುತ್ತಲೇ ಇರುವ ನೀರು ಎಣಿಕೆಗೆ ಸಿಗುವುದಿಲ್ಲ. ಜಿಟಿಜಿಟಿ ಮಳೆಯಲ್ಲಿ ಈ ನಷ್ಟ ಲೆಕ್ಕಕ್ಕಿಲ್ಲ. ಜಡಿಮಳೆಯಲ್ಲಿ, ಅಂದರೆ ನಮಗೆ ಅಂಕಿ ನಿಜವಾಗಿ ಬೇಕಾದ ಗಳಿಗೆಯಲ್ಲೇ, ಯಂತ್ರ ಕಡಿಮೆ ತೋರಿಸುತ್ತದೆ. ಜತೆಗೆ ಆಲಿಕೆಯಲ್ಲಿ ಎಲೆ ಕಟ್ಟುತ್ತದೆ, ಇರುವೆ ಗೂಡು ಮಾಡುತ್ತದೆ. ಆಗ ಸುರಿದ ಮಳೆ ಮರುದಿನ ನಿಧಾನವಾಗಿ ಇಳಿದು, ಬಿಸಿಲಿನಲ್ಲಿ ಮಳೆ ಬಂದಂತೆ ದಾಖಲಾಗುತ್ತದೆ. ಇದನ್ನು ಹಿಡಿಯಲು ಪಕ್ಕದಲ್ಲಿ ಕೈಮಾಪಕವೇ ಬೇಕು. ಯಂತ್ರವನ್ನು ಪರೀಕ್ಷಿಸುವುದೂ ಕಷ್ಟವಲ್ಲ. 200 ಚದರ ಸೆಂ.ಮೀ. ಬಾಯಿ, ಒಂದು ಮಗುಚಿಗೆ 0.2 ಮಿ.ಮೀ. ಇರುವ ಮಾಪಕವಾದರೆ ಒಂದು ಲೀಟರ್ ನೀರನ್ನು ಅರ್ಧ ಗಂಟೆಗೂ ಹೆಚ್ಚು ಹೊತ್ತು ಹನಿಹನಿಯಾಗಿ ಬಿಡಬೇಕು, 250 ಸಲ ಮಗುಚಬೇಕು. ಬಹಳ ಹೆಚ್ಚುಕಡಿಮೆ ಬಂದರೆ ಬಟ್ಟಲ ಕೆಳಗಿನ ತಿರುಪನ್ನು ಹೊಂದಿಸಬೇಕು. ಅವರು ತಮ್ಮ ಯಂತ್ರಗಳಿಗೆ ಇದನ್ನು ಮಳೆಗಾಲಕ್ಕೆ ಮುಂಚೆ ಒಮ್ಮೆ, ಸೆಪ್ಟೆಂಬರಿನ ಕೈಲ್ ಮುಹೂರ್ತ ಹಬ್ಬ ಕಳೆದ ಮೇಲೆ ಒಮ್ಮೆ ಮಾಡುತ್ತಿದ್ದರು.

ಮಾನ್ಯರೇ, ಇಷ್ಟೆಲ್ಲ ಸೂಕ್ಷ್ಮ ಯಾಕೆ ಬೇಕು ಎಂಬುದಕ್ಕೆ ಈ ಜಿಲ್ಲೆಯಲ್ಲಿ ಬೇರೆ ಉತ್ತರ ಬೇಕಿಲ್ಲ. 2018ರ ಆಗಸ್ಟಿನಲ್ಲಿ ಬರೆ ಕುಸಿದದ್ದು ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ, ಹಟ್ಟಿಹೊಳೆ. 2019ರಲ್ಲಿ ವಿರಾಜಪೇಟೆ ತಾಲ್ಲೂಕಿನ ತೋರ. 2020ರಲ್ಲಿ ತಲಕಾವೇರಿಯ ಬೆಟ್ಟ. ಮೂರು ವರ್ಷ, ಮೂರೂ ಆಗಸ್ಟ್. ಆ ಒಂದು ದಿನದ ಮಳೆಯಷ್ಟೇ ಬರೆಯನ್ನು ಇಳಿಸುವುದಿಲ್ಲ. ಜೂನ್, ಜುಲೈನಲ್ಲಿ ಕುಡಿದ ನೀರಿನಿಂದ ಮಣ್ಣು ತೊಯ್ದು ಭಾರವಾಗಿರುತ್ತದೆ. ಮಣ್ಣಿಗೂ ಕೆಳಗಿನ ಕಲ್ಲಿಗೂ ನಡುವೆ ನೀರು ನಿಂತು ಒತ್ತಡ ಏರಿರುತ್ತದೆ. ಬರೆಯ ಬುಡವನ್ನು ರಸ್ತೆಗೋ ಮನೆಗೋ ಹೋಂಸ್ಟೇಗೋ ಜೆಸಿಬಿಯಲ್ಲಿ ಕಡಿದಿದ್ದರೆ ಅದನ್ನು ತಡೆದು ನಿಲ್ಲಿಸಲು ಏನೂ ಉಳಿದಿರುವುದಿಲ್ಲ. ಮೇಲಿನ ಸಣ್ಣ ತೋಡನ್ನು ಮಣ್ಣು ಹಾಕಿ ಮುಚ್ಚಿದ್ದರೆ ಆ ನೀರೂ ಒಳಗೇ ಇಳಿಯುತ್ತದೆ. ಆಮೇಲೆ ಒಂದೆರಡು ದಿನದ ಜಡಿಮಳೆ ಸಾಕು. ಹೀಗಾಗಿ ಎಚ್ಚರಿಕೆ ಕೊಡಬೇಕಾದರೆ ಇಂದಿನ ಮಳೆಯ ಜತೆಗೆ ಹಿಂದಿನ ಮೂರು ದಿನದ, ಹದಿನೈದು ದಿನದ, ತಿಂಗಳ ಮಳೆಯೂ ಗೊತ್ತಿರಬೇಕು. ಅದೂ ಆ ಬರೆಯ ಮೇಲೆ ಬಿದ್ದದ್ದು, ತಾಲ್ಲೂಕು ಕೇಂದ್ರದಲ್ಲಿ ಬಿದ್ದದ್ದಲ್ಲ. ಇಷ್ಟು ಮಳೆಗೆ ಇಲ್ಲಿ ಅಪಾಯ ಎಂಬ ಗೆರೆಯನ್ನು ಒಂದು ಮಳೆಗಾಲದ ಅಂಕಿಯಿಂದ ಎಳೆಯಲಾಗದು. ಕುಸಿದ ವರ್ಷ ಎಷ್ಟು ಬೇಕೋ, ಕುಸಿಯದ ವರ್ಷಗಳೂ ಅಷ್ಟೇ ಬೇಕು. ಏನೂ ಆಗದ ಮಳೆಗಾಲದಲ್ಲೂ ಕುಳಿತು ಬರೆದವರು ನಮ್ಮಲ್ಲಿ ಎಷ್ಟು ಜನ?

ಬರೆಯ ಮೇಲೆ ಬಿರುಕು ಕಂಡರೆ ಏನು ಮಾಡಬೇಕೆಂದು ಅವರು ಹಳ್ಳಿಗಳಲ್ಲಿ ತೋರಿಸಿಕೊಟ್ಟಿದ್ದನ್ನೂ ಇಲ್ಲಿ ಹೇಳಬೇಕು, ಏಕೆಂದರೆ ಇದಕ್ಕೆ ಯಾವ ಯೋಜನೆಯ ಹಣವೂ ಬೇಡ. ಬಿರುಕಿನ ಎರಡೂ ಕಡೆ, ಅಂಚಿನಿಂದ ಅರ್ಧ ಮೀಟರ್ ಬಿಟ್ಟು, ಒಂದೊಂದು ಗೂಟ ಆಳವಾಗಿ ಹೊಡೆಯಬೇಕು. ಗೂಟದ ತಲೆಗೆ ಮೊಳೆ. ಮೊಳೆಯಿಂದ ಮೊಳೆಗೆ ಟೇಪು ಹಿಡಿದು ದಿನವೂ ಒಂದೇ ಹೊತ್ತಿಗೆ ಅಳೆದು ಬರೆಯಬೇಕು. ದಿನಕ್ಕೆ ಒಂದೆರಡು ಮಿ.ಮೀ. ಇದ್ದದ್ದು ಸೆಂಟಿಮೀಟರಿಗೆ ಏರಿದರೆ, ಅಥವಾ ತೋಡಿನ ನೀರು ಇದ್ದಕ್ಕಿದ್ದಂತೆ ಕೆಂಪಾದರೆ, ಅಥವಾ ಸುರಿಯುವ ಮಳೆಯಲ್ಲೇ ತೋಡು ಬತ್ತಿದರೆ, ಅಳತೆ ಸಾಕು, ಮನೆ ಬಿಡಬೇಕು. ಬಿರುಕಿಗೆ ಪ್ಲಾಸ್ಟಿಕ್ ಹೊದಿಸುವುದು ಒಳ್ಳೆಯದೇ. ಹೊದಿಸಿದ ಮೇಲೆ ಇನ್ನು ಭಯವಿಲ್ಲ ಎಂದುಕೊಳ್ಳುವುದು ತಪ್ಪು, ನೀರು ಮೇಲಿನ ಇಳಿಜಾರಿನಿಂದ ಒಳಗೊಳಗೇ ಬರುತ್ತಿರುತ್ತದೆ.

ಇನ್ನು ತೋಡಿನ ವಿಷಯ. ಗಾಳಿಬೀಡು ಕಡೆಯ ಒಂದು ಸಣ್ಣ ತೋಡಿಗೆ ಅವರು ಅಡ್ಡಗೋಡೆ ಕಟ್ಟಿಸಿ, ನಡುವೆ 90 ಡಿಗ್ರಿಯ ವಿ ಆಕಾರದ ಕಚ್ಚಿರುವ ಉಕ್ಕಿನ ತಗಡು ಕೂರಿಸಿದ್ದರು. ಕಚ್ಚಿನ ತಳದಿಂದ ನೀರು ಎಷ್ಟು ಎತ್ತರಕ್ಕಿದೆ ಎಂದು ತಿಳಿದರೆ ಎಷ್ಟು ಹರಿಯುತ್ತಿದೆ ಎಂಬುದು ಲೆಕ್ಕಕ್ಕೆ ಸಿಗುತ್ತದೆ. 10 ಸೆಂ.ಮೀ. ಇದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 20 ಸೆಂ.ಮೀ. ಇದ್ದರೆ ಸುಮಾರು 25 ಲೀಟರ್. ಎತ್ತರ ಎರಡು ಪಟ್ಟಾದರೆ ಹರಿವು ಐದೂವರೆ ಪಟ್ಟು ಮೀರುತ್ತದೆ. ಆದ್ದರಿಂದ ಓದುವಾಗ ಆಗುವ ತಪ್ಪಿಗೂ ಅಷ್ಟೇ ದಂಡ. 10 ಸೆಂ.ಮೀ. ಇದ್ದಾಗ 11 ಎಂದು ಓದಿದರೆ ಹರಿವಿನಲ್ಲಿ ಕಾಲು ಪಾಲಿಗೂ ಮಿಕ್ಕ ತಪ್ಪು. ಅಳತೆ ಪಟ್ಟಿಯನ್ನು ಕಚ್ಚಿನ ಪಕ್ಕದಲ್ಲೇ ನಿಲ್ಲಿಸುವುದು ಎಲ್ಲರೂ ಮಾಡುವ ಎಡವಟ್ಟು. ಅಲ್ಲಿ ನೀರು ಆಗಲೇ ಜಾರತೊಡಗಿ ಮಟ್ಟ ಇಳಿದಿರುತ್ತದೆ. ನೀರು ಅತಿ ಹೆಚ್ಚು ಎಂದರೆ 30 ಸೆಂ.ಮೀ. ಏರುವ ಕಡೆ, ಪಟ್ಟಿ ಕಚ್ಚಿನಿಂದ ಕನಿಷ್ಠ 1.2 ಮೀಟರ್ ಹಿಂದೆ, ನೀರು ಬರುವ ಕಡೆಗೆ ಇರಬೇಕು. ಗೋಡೆಯ ಹಿಂದೆ ಹೂಳು ತುಂಬಿದರೆ ನೀರು ರಭಸದಿಂದ ಬಂದು ಲೆಕ್ಕ ಕೆಡುತ್ತದೆ. ಕಚ್ಚಿನಲ್ಲಿ ಒಂದು ಕಡ್ಡಿ ಸಿಕ್ಕಿಕೊಂಡರೂ ಬೇಸಿಗೆಯಲ್ಲಿ ನೀರು ಹೆಚ್ಚಾದಂತೆ ತೋರುತ್ತದೆ. ವಾರಕ್ಕೊಮ್ಮೆ ಕಸ ತೆಗೆಯುವುದು, ಮಳೆಗಾಲ ಕಳೆದ ಮೇಲೆ ಹೂಳು ಎತ್ತುವುದು, ಇವಿಷ್ಟೇ ಅದರ ಚಾಕರಿ.

ಆ ಗೋಡೆ ಈಗ ಹಾಳಾಗಿದೆ. ಮೇಲಿನ ದಾರಿಗೆ ಮೋರಿ ಹಾಕುವ ಕೆಲಸದಲ್ಲಿ ಗುತ್ತಿಗೆದಾರರು ಯಂತ್ರವನ್ನು ತೋಡಿಗೇ ಇಳಿಸಿದ್ದಾರೆ. ತಗಡು ಒಂದು ಬದಿಗೆ ಬಾಗಿದೆ. ಬಲಗಡೆ ಗೋಡೆಯ ಬುಡದಲ್ಲಿ ಮಣ್ಣು ಕೊರೆದು ನೀರು ಕಚ್ಚಿಗೆ ಬಾರದೆ ಅಡಿಯಿಂದಲೇ ನುಸುಳುತ್ತಿದೆ. ಇದನ್ನು ನೋಡಿದವರಿಗೆ ತೋಡು ಹರಿಯುತ್ತಿದೆ, ಪಟ್ಟಿ ಮಾತ್ರ ಸೊನ್ನೆ ತೋರಿಸುತ್ತದೆ. ಯಾರನ್ನೋ ಶಿಕ್ಷಿಸಿ ಎಂದು ನಾವು ಕೇಳುತ್ತಿಲ್ಲ. ಅದೊಂದು ಅಳತೆಯ ಗೋಡೆ ಎಂದು ಹೇಳುವ ಒಂದು ಫಲಕವೂ ಅಲ್ಲಿರಲಿಲ್ಲ, ಜೆಸಿಬಿ ಚಾಲಕನಿಗೆ ತಿಳಿಯುವುದು ಹೇಗೆ? ಸರಿಪಡಿಸಿಕೊಡಿ ಎಂದಷ್ಟೇ ಕೇಳುತ್ತಿದ್ದೇವೆ. ಮರಳಿನ ಚೀಲ ಇಟ್ಟು ನೀರನ್ನು ಪೈಪಿನಲ್ಲಿ ಬದಿಗೆ ತಿರುಗಿಸಿ, ಕೊರೆದ ಜಾಗವನ್ನು ಗಟ್ಟಿ ಕಲ್ಲು ಸಿಗುವವರೆಗೆ ಅಗೆದು, ಸಿಮೆಂಟ್, ಮರಳು, ಜಲ್ಲಿ 1:2:4ರ ಕಾಂಕ್ರೀಟ್ ತುಂಬಿ, ಕನಿಷ್ಠ ಏಳು ದಿನ ನೆನೆಸಬೇಕು. ತಗಡನ್ನು ಬಡಿದು ನೇರ ಮಾಡಿದರೆ ಸಾಲದು, ಅಂಚು ಚೂಪಾಗಿರಬೇಕಾದ್ದರಿಂದ ಹೊಸದನ್ನೇ ಕತ್ತರಿಸಬೇಕು. ರಸಮಟ್ಟ ಹಿಡಿದು ಕೂರಿಸಿ, ಪಟ್ಟಿಯ ಸೊನ್ನೆಯನ್ನು ಕಚ್ಚಿನ ತಳಕ್ಕೆ ಸರಿಗಟ್ಟಬೇಕು. ಕೊನೆಗೆ ಬಕೆಟ್ ಪರೀಕ್ಷೆ: ನೀರು 5 ಸೆಂ.ಮೀ. ಇದ್ದಾಗ 20 ಲೀಟರ್ ಬಕೆಟ್ ತುಂಬಲು ಸುಮಾರು 26 ಸೆಕೆಂಡ್ ಹಿಡಿಯಬೇಕು. ಅದಕ್ಕಿಂತ ಬಹಳ ಹೆಚ್ಚುಕಡಿಮೆಯಾದರೆ ಪಟ್ಟಿಯ ಸೊನ್ನೆಯೋ ತಗಡೋ ಸರಿಯಿಲ್ಲದಿರಬಹುದು, ಮತ್ತೆ ನೋಡಬೇಕು.

ಮೂರನೆಯದು ಪಲ್ಪಿಂಗ್ ನೀರು. ಇದನ್ನು ಎತ್ತಿದರೆ ಬೆಳೆಗಾರರಿಗೆ ಸಿಟ್ಟು ಬರುತ್ತದೆ, ಎತ್ತದಿದ್ದರೆ ತೋಡಿನ ಕೆಳಗಿನವರಿಗೆ ಅನ್ಯಾಯ. ಪಲ್ಪರ್ ಯಂತ್ರದಲ್ಲಿ ಕಾಫಿ ಹಣ್ಣಿನ ಸಿಪ್ಪೆ ತೆಗೆದು, ಅಂಟು ತೊಳೆದ ನೀರಿನಲ್ಲಿ ಸಕ್ಕರೆ, ಪೆಕ್ಟಿನ್ ತುಂಬಿರುತ್ತದೆ. ಬೇಗ ಹುಳಿಯಾಗುತ್ತದೆ, ತೋಡಿಗೆ ಸೇರಿದರೆ ಅದನ್ನು ತಿನ್ನುವ ಸೂಕ್ಷ್ಮಜೀವಿಗಳು ನೀರಿನ ಆಮ್ಲಜನಕವನ್ನೆಲ್ಲ ಹೀರುತ್ತವೆ. ಪಲ್ಪರ್ ಓಡುವುದು ಡಿಸೆಂಬರಿನಿಂದ ಈಚೆಗೆ, ತೋಡುಗಳಲ್ಲಿ ನೀರು ಇಳಿಯುತ್ತಾ ಹೋಗುವ ದಿನಗಳಲ್ಲಿ. ಕೊಯ್ಲು ಸಂಜೆ ಮುಗಿದು ಪಲ್ಪರ್ ಶುರುವಾಗುವುದೇ ಕತ್ತಲಾದ ಮೇಲೆ. ನೀರು ಹೊರಬರುವುದು ರಾತ್ರಿ. ತಪಾಸಣೆಯವರು ಬಾಟಲಿ ಹಿಡಿದು ಬರುವುದು ಮರುದಿನ ಹನ್ನೊಂದು ಗಂಟೆಗೆ, ಅಷ್ಟರಲ್ಲಿ ಅದು ಎಷ್ಟೋ ಕೆಳಗೆ ಹೋಗಿರುತ್ತದೆ. ಮಾದರಿ ಶುದ್ಧ, ವರದಿ ಶುದ್ಧ, ಮೀನು ಸತ್ತದ್ದು ಹೇಗೆ ಎಂದು ಯಾರಿಗೂ ತಿಳಿಯದು. ಅದಕ್ಕೇ ಅವರು ರಾತ್ರಿ ಮಾದರಿ ತೆಗೆಯುತ್ತಿದ್ದರು. ಜತೆಗೆ ಕಲ್ಲು ಮಗುಚಿ ಅಡಿಯಲ್ಲಿರುವ ಹುಳುಗಳನ್ನು ನೋಡುತ್ತಿದ್ದರು. ಶುದ್ಧ ನೀರಿನ ಹುಳುಗಳು ಮಾಯವಾಗಿ ಬರೀ ಕೆಂಪು ಹುಳು ಉಳಿದಿದ್ದರೆ, ಮಾದರಿ ಎಷ್ಟೇ ಚೆನ್ನಾಗಿ ಬಂದರೂ ಹಿಂದಿನ ವಾರಗಳಲ್ಲಿ ಏನೋ ಹರಿದಿದೆ.

ಆಮ್ಲಜನಕದ ಅಳತೆಯನ್ನು ಅವರು ತೋಡಿನ ದಂಡೆಯಲ್ಲೇ ಮಾಡುತ್ತಿದ್ದ ರೀತಿ ಕಲಿಯಬೇಕಾದದ್ದು. 300 ಮಿ.ಲೀ. ಬಾಟಲಿಯನ್ನು ಒಂದೂ ಗುಳ್ಳೆ ಉಳಿಯದಂತೆ ನೀರಿನಡಿಯಲ್ಲೇ ತುಂಬಿಸಿ, ಮ್ಯಾಂಗನೀಸ್ ಸಲ್ಫೇಟ್ ಒಂದು ಮಿ.ಲೀ., ಕ್ಷಾರೀಯ ಅಯೋಡೈಡ್ ಒಂದು ಮಿ.ಲೀ., ಪಿಪೆಟ್ಟಿನ ಮೂತಿ ನೀರಿನೊಳಗೇ ಇಟ್ಟು ಬಿಡಬೇಕು. ಮುಚ್ಚಿ ಮಗುಚಿದಾಗ ಕಂದು ಬಣ್ಣದ ಗಸಿ ಕಟ್ಟಿದರೆ ನೀರಿನಲ್ಲಿ ಆಮ್ಲಜನಕ ಇದೆ. ಗಸಿ ಬಿಳಿಯಾಗಿಯೇ ಉಳಿದರೆ ಇಲ್ಲ. ಅಲ್ಲಿಗೇ ಅರ್ಧ ಉತ್ತರ ಸಿಕ್ಕಿತು, ಪಕ್ಕದಲ್ಲಿ ನಿಂತ ರೈಟರಿಗೂ ಕಾಣುತ್ತದೆ. ಆಮೇಲೆ ಗಂಧಕಾಮ್ಲ ಹಾಕಿ, ಹಳದಿ ಬಂದ ನೀರಿನಲ್ಲಿ ಮೂಲ ಮಾದರಿಯ 200 ಮಿ.ಲೀ.ಗೆ ಸಮನಾದಷ್ಟನ್ನು ತೆಗೆದು, 0.025 ನಾರ್ಮಲ್ ಥಯೋಸಲ್ಫೇಟ್ ಬಿಟ್ಟು, ಗಂಜಿಯ ನೀಲಿ ಮಾಯವಾಗುವವರೆಗೆ ಎಣಿಸಬೇಕು. ಖರ್ಚಾದ ಒಂದೊಂದು ಮಿ.ಲೀ.ಗೂ ಲೀಟರಿಗೆ ಒಂದು ಮಿ.ಗ್ರಾಂ ಆಮ್ಲಜನಕ. ಮಡಿಕೇರಿಯ ಎತ್ತರದಲ್ಲಿ ಚಳಿಗಾಲದ ಒಳ್ಳೆಯ ತೋಡಿನಲ್ಲಿ ಎಂಟರ ಆಸುಪಾಸು ಬರಬೇಕು. ತಪ್ಪು ಕಂಡ ತೋಟಗಳ ಮೇಲೆ ದೂರು ಬರೆಯುವುದಕ್ಕಿಂತ ಮೊದಲು ಅವರು ಮಾಲೀಕರ ಜತೆ ಹೊಂಡದ ಬಳಿ ನಿಂತು ಸುಣ್ಣ ಎಷ್ಟು ಹಾಕಬೇಕು, ಹೊಂಡ ಎಷ್ಟು ದಿನದ ನೀರು ಹಿಡಿಯಬೇಕು, ತೊಳೆಯುವ ನೀರನ್ನು ಮತ್ತೆ ಬಳಸುವುದು ಹೇಗೆ ಎಂದು ಮಾತಾಡುತ್ತಿದ್ದರು. ಅದರಿಂದಲೇ ರಾತ್ರಿ ಹೊತ್ತು ಗೇಟು ತೆರೆಯುತ್ತಿತ್ತು.

ಈಗ ನಮ್ಮ ದೊಡ್ಡ ಅಳಲಿಗೆ ಬರುತ್ತೇವೆ. ಅವರು ತೀರಿಕೊಂಡ ಮೇಲೆ ನೋಟ್‌ಬುಕ್ಕುಗಳನ್ನು ಕಂಪ್ಯೂಟರಿಗೆ ಏರಿಸುವ ಕೆಲಸವನ್ನು ಸಂಸ್ಥೆಯೊಂದು ಹೊರಗಿನವರಿಗೆ ಕೊಟ್ಟಿತು. ಬಂದ ಫೈಲನ್ನು ನೋಡಿದೆವು. ನಮ್ಮ ಸಹೋದ್ಯೋಗಿ ಅಂಕಿ ಬರೆಯದೆ ಬಿಟ್ಟ ಕೋಣೆಗಳಿಗೆಲ್ಲ ಟೈಪು ಮಾಡಿದವರು ಸೊನ್ನೆ ತುಂಬಿದ್ದಾರೆ. ನಮ್ಮ ಸಹೋದ್ಯೋಗಿಯ ಪುಸ್ತಕದಲ್ಲಿ ಸೊನ್ನೆ ಎಂದರೆ ನೋಡಿದೆ, ಮಳೆ ಇಲ್ಲ. ಅಡ್ಡಗೆರೆ ಎಂದರೆ ನೋಡಲಾಗಲಿಲ್ಲ. ಎರಡು ದಿನದ್ದನ್ನು ಒಟ್ಟಿಗೆ ಅಳೆದಿದ್ದರೆ ಎರಡೂ ಕೋಣೆಗೆ ಸೇರಿಸಿ ಒಂದು ಬಿಲ್ಲು ಬಿಡಿಸಿರುತ್ತಿದ್ದರು. ಬಿಲ್ಲು ಹೋಗಿದೆ, ಗೆರೆ ಹೋಗಿದೆ, ಎಲ್ಲವೂ ಸೊನ್ನೆ. ಯಾವಾಗ ಅಳೆಯಲು ಆಗುವುದಿಲ್ಲ? ಮರ ಬಿದ್ದು ದಾರಿ ಮುಚ್ಚಿದಾಗ, ಸೇತುವೆ ಮೇಲೆ ನೀರು ಹರಿದಾಗ. ಅಂದರೆ ಅತಿ ಹೆಚ್ಚು ಮಳೆಯಾದ ದಿನಗಳೇ ಈಗ ಮಳೆಯಿಲ್ಲದ ದಿನಗಳಾಗಿವೆ. ಇಂಚಿನ ಪುಸ್ತಕಗಳ 0.85 ಮಿಲಿಮೀಟರ್ ಆಗಿ ಕೂತಿದೆ. ಕೆಲವು ತಿಂಗಳಲ್ಲಿ ದಿನಾಂಕ ಮತ್ತು ತಿಂಗಳು ಅದಲುಬದಲಾಗಿ, ಜೂನ್ 7ರ ಮಳೆ ಜುಲೈ 6ಕ್ಕೆ ಹೋಗಿದೆ. ಏರಿಸಿಯಾಯಿತು ಎಂಬ ಕಾರಣಕ್ಕೆ ಮೂಲ ಪುಸ್ತಕಗಳು ಕಡತ ವಿಲೇವಾರಿಯ ಪಟ್ಟಿಗೆ ಸೇರಿವೆ ಎಂದು ತಿಳಿದುಬಂದಿದೆ. ಮಾಪಕಗಳೂ ಗುಜರಿ ಸಾಮಾನಿನ ಜತೆ ಮೂಲೆಯಲ್ಲಿವೆ. ತಪ್ಪು ಫೈಲು ಉಳಿದು ಸರಿಯಾದ ಪುಸ್ತಕ ರದ್ದಿಗೆ ಹೋದರೆ, ದಾಖಲೆ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು. ಇಲ್ಲದಿದ್ದರೆ ಇಲ್ಲ ಎಂದಾದರೂ ಗೊತ್ತಿರುತ್ತದೆ.

ಆದ್ದರಿಂದ ತಮ್ಮಲ್ಲಿ ನಮ್ಮ ಪ್ರಾರ್ಥನೆ ಇಷ್ಟು. ಆ ನೋಟ್‌ಬುಕ್ಕುಗಳ ವಿಲೇವಾರಿಯನ್ನು ಇಂದೇ ತಡೆಯುವಂತೆ ಸಂಬಂಧಪಟ್ಟವರಿಗೆ ಬರೆಯಿರಿ. ಪ್ರತಿ ಪುಟದ ಬಣ್ಣದ ಸ್ಕ್ಯಾನ್ ಮಾಡಿಸಿ. ಪೆನ್ಸಿಲಿನ ಗುರುತು ಕಪ್ಪುಬಿಳುಪಿನಲ್ಲಿ ಕಾಣುವುದಿಲ್ಲ. ಮೂಲವನ್ನು ಜಿಲ್ಲೆಯೊಳಗೇ, ಪೊನ್ನಂಪೇಟೆಯ ಅರಣ್ಯ ಕಾಲೇಜಿನಂಥ ಕಡೆ, ತೇವ ತಾಗದ ಕಪಾಟಿನಲ್ಲಿ ಇರಿಸಿ. ಇಬ್ಬರು ಬೇರೆಬೇರೆಯಾಗಿ ಟೈಪು ಮಾಡಿ, ಎರಡು ಫೈಲನ್ನು ಹೋಲಿಸಿ, ವ್ಯತ್ಯಾಸ ಬಂದ ಕಡೆ ಮಾತ್ರ ಪುಸ್ತಕ ತೆರೆದು ನೋಡುವುದು ಹಳೆಯ, ನಂಬಿಕೆಯ ವಿಧಾನ. ಗುರುತುಗಳ ಅರ್ಥವನ್ನು ಬರೆದುಕೊಡಲು, ಫೈಲನ್ನು ಪರಿಶೀಲಿಸಲು ನಾವು ಸಂಬಳವಿಲ್ಲದೆ ಬರುತ್ತೇವೆ. ತಯಾರಾದ ದಾಖಲೆ ಯಾರು ಕೇಳಿದರೂ ಸಿಗುವಂತಿರಲಿ. ಪುಸ್ತಕ ಕೊಟ್ಟ ತೋಟಗಳಿಗೆ ಅವುಗಳ ಪ್ರತಿ ಮೊದಲು ತಲುಪಲಿ.

ಅವರ ಮಾಪಕಗಳನ್ನು ಓದುತ್ತಿದ್ದವರು ತೋಟದ ರೈಟರುಗಳು, ಒಬ್ಬ ನಿವೃತ್ತ ಅಂಚೆಯಣ್ಣ, ತೋಟದ ಕಾರ್ಮಿಕರ ಲೈನ್ ಮನೆಯ ಇಬ್ಬರು ಹೆಣ್ಣುಮಕ್ಕಳು. ಇವರಿಗೆ ಸಿಗುತ್ತಿದ್ದ ಸಣ್ಣ ಗೌರವಧನ ನಿಂತುಹೋಗಿದೆ. ಕೆಲವರು ಇನ್ನೂ ಅಳೆಯುತ್ತಿದ್ದಾರೆ, ಯಾರಿಗೆ ಕೊಡಬೇಕೆಂದು ತಿಳಿಯದೆ ಕ್ಯಾಲೆಂಡರಿನ ಹಾಳೆಯ ಮೇಲೆ ಬರೆದಿಡುತ್ತಿದ್ದಾರೆ. ವಿಪತ್ತು ನಿರ್ವಹಣೆಯ ತಯಾರಿಯ ಲೆಕ್ಕದಲ್ಲಿ ಇವರಿಗೆ ಒಂದು ದಾರಿ ಮಾಡಿಕೊಡುವುದು ತಮಗೆ ಕಷ್ಟವಾಗಲಾರದು. ಅವರ ಹೆಸರಿನಲ್ಲಿ ವಾರ್ಷಿಕ ಪ್ರಶಸ್ತಿ ಇಡುವ ಮಾತೂ ಕೇಳಿಬಂದಿದೆ. ಆ ಹಣವಿದ್ದರೆ ಇದಕ್ಕೆ ಬಳಸಿ.

ಒಂದು ವಿಷಯದಲ್ಲಿ ಮಾತ್ರ ಅವಸರವಿದೆ. ತೋಡಿನ ಗೋಡೆಯ ಕೆಲಸ ಮಾಡಲು ಆಗುವುದು ನೀರು ಕಡಿಮೆಯಿರುವಾಗ, ಏಪ್ರಿಲಿನೊಳಗೆ. ಮೇ ತಿಂಗಳ ಗುಡುಗುಮಳೆಗೆ ಹಸಿ ಕಾಂಕ್ರೀಟ್ ಸಿಕ್ಕರೆ ಬುಡ ಮತ್ತೆ ಕೊರೆಯುತ್ತದೆ. ತಗಡು ಕತ್ತರಿಸಿ ಬರಲು, ಬುಡ ಅಗೆಯಲು, ನೆನೆಸಲು, ಬಕೆಟ್ ಪರೀಕ್ಷೆ ಮಾಡಲು ಎಲ್ಲ ಸೇರಿ ಒಂದು ತಿಂಗಳು ಬೇಕು. ಜೂನ್ 1ರ ಬೆಳಿಗ್ಗೆ 8.30ಕ್ಕೆ ಮೊದಲ ಓದು ಬರೆಯಬೇಕೆಂದರೆ ಮಾರ್ಚ್ ಮುಗಿಯುವುದರೊಳಗೆ ಆದೇಶ ಬರಬೇಕು. ಗೋಡೆಯ ನಕ್ಷೆ, ತಗಡಿನ ಅಳತೆ, ಸಾಮಾನಿನ ಪಟ್ಟಿಯನ್ನು ತಮ್ಮ ಕಚೇರಿಗೆ ಪ್ರತ್ಯೇಕವಾಗಿ ಸಲ್ಲಿಸುತ್ತಿದ್ದೇವೆ. ಸ್ಥಳ ತೋರಿಸಲು ಯಾವ ದಿನ ಕರೆದರೂ ಬರುತ್ತೇವೆ.

ಇತಿ,
ತಮ್ಮ ವಿಶ್ವಾಸಿಗಳು,
ಅಗಲಿದವರ ಸಹೋದ್ಯೋಗಿಗಳು,
ಮಡಿಕೇರಿ.